ಸಬಕಾರಕ್ಕೆ ಕೆಂಪಾಗದ ಹಳದಿ

ಈ ಮಾತನ್ನು ಹೇಳಬೇಕೆಂದು ಅಂದುಕೊಳ್ಳುತ್ತಲೇ ಮುಂದೂಡುತ್ತ ಬಂದಿದ್ದೇನೆ. ಮೊದಲು ಸೊಸೆಯ ದುಃಖ ಆರಲಿ ಎಂದೆ. ಆಮೇಲೆ ಮಗ ಗೋವಾದ ಗೌಂಡಿ ಕೆಲಸ ಬಿಟ್ಟು ಊರಲ್ಲಿ ನೆಲೆ ನಿಲ್ಲಲಿ ಎಂದೆ. ಅಷ್ಟರಲ್ಲಿ ಮನೆಯಲ್ಲಿ ಎರಡನೆಯ ಕೂಸು ಹುಟ್ಟಿತು. ನಗುತ್ತಿರುವ ಮನೆಯಲ್ಲಿ ಹಳೆಯದನ್ನು ಯಾಕೆ ಕೆದಕಬೇಕು ಎಂದೆ. ಪ್ರತಿ ಸಲವೂ ನನ್ನ ಹತ್ತಿರ ಒಂದು ಒಳ್ಳೆಯ ಕಾರಣ ಇತ್ತು. ಈಗ ಒಂದು ಕಣ್ಣಿಗೆ ಪೊರೆ ಬಂದಿದೆ, ಕೈ ನಡುಗುತ್ತದೆ. ಇನ್ನೂ ಕಾಯ್ದರೆ ಬರೆಯುವುದಕ್ಕೂ ಆಗಲಿಕ್ಕಿಲ್ಲ.

ನಾನು ಗಜೇಂದ್ರಗಡದ ನೇಕಾರ. ಮೆಟ್ರಿಕ್ ಪಾಸಾದ ವರ್ಷವೇ ಅಪ್ಪ ನನ್ನನ್ನು ಮಗ್ಗಕ್ಕೆ ಕೂರಿಸಿದ. ಅದಕ್ಕೂ ಮುಂಚೆ ನೂಲಿಗೆ ಬಣ್ಣ ಹಾಕುವುದನ್ನು ಕಲಿಸಿದ್ದ. ಯಾವ ಬಣ್ಣ ನಿಲ್ಲುತ್ತದೆ, ಯಾವುದು ಬಿಡುತ್ತದೆ, ಬಿಸಿಲಿಗೆ ಯಾವುದು ಮಾಸುತ್ತದೆ, ಸಬಕಾರ, ಅಂದರೆ ಸೋಪು, ತಾಗಿದರೆ ಯಾವುದು ತಿರುಗುತ್ತದೆ ಎಂದು ನೋಡಿದ ಕೂಡಲೇ ಹೇಳುವಷ್ಟು ಕಲಿತೆ. ಓಣಿಯಲ್ಲಿ ಸೀರೆಯ ಬಣ್ಣದ ತಕರಾರು ಬಂದರೆ ನನ್ನ ಹತ್ತಿರವೇ ತರುತ್ತಿದ್ದರು. ಈ ಜಂಬವನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಾಗಲಿಲ್ಲ ಎಂದು ಹೇಳುವ ಹಾದಿ ನನಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೆಂಡತಿ ತೀರಿಹೋಗಿದ್ದಳು. ಒಬ್ಬನೇ ಮಗ ಗೋವಾದಲ್ಲಿದ್ದ. ಸೊಸೆ ಚೊಚ್ಚಲ ಹೆರಿಗೆಗೆಂದು ತವರಿಗೆ, ಪುರ್ತಗೇರಿಗೆ ಹೋಗಿದ್ದಳು. ಅವಳ ತಂದೆ ಸತ್ತು ಬಹಳ ವರ್ಷಗಳಾಗಿದ್ದವು. ತಾಯಿ, ಅಂದರೆ ನನ್ನ ಬೀಗತಿ, ಮಂದಿಯ ಹೊಲದಲ್ಲಿ ಕಡಲೆ ಕಿತ್ತು ಹತ್ತಿ ಬಿಡಿಸಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎಣ್ಣೆ ನೀರು ಎರೆಯುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಎರಡೂ ಕಾಲು ಚಾಚಿ ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರೆ ಎಂಥ ಅಳುವ ಕೂಸೂ ಸುಮ್ಮನಾಗುತ್ತದೆ ಎಂದು ಹೇಳುತ್ತಿದ್ದರು. ಅದೊಂದು ಅವಳಿಗಿದ್ದ ಮರ್ಯಾದೆ.

ರೋಣದ ದವಾಖಾನೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣುಕೂಸು. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕೂಸಿನ ಮೊದಲ ಅರಿವೆಗಳು ಅಜ್ಜ ಉಟ್ಟು ಉಟ್ಟು ಮೆತ್ತಗಾದ ದೋತರದವೇ ಆಗಿರಬೇಕು. ಹೊಸ ಬಟ್ಟೆಯ ಗಂಜಿ ಎಳೆಯ ಮೈಗೆ ತಾಗಬಾರದು. ನಾನು ನನ್ನ ಹಳೆಯ ಬಿಳಿ ದೋತರಗಳನ್ನು ಕುದಿಸಿ ಒಗೆದು, ಹರಿದು, ಮಡಚಿ ಒಯ್ದು ಕೊಟ್ಟೆ. ಬಾಣಂತಿಯ ಕೋಣೆ ಕತ್ತಲಾಗಿತ್ತು. ಲೋಬಾನದ ಹೊಗೆ ತುಂಬಿತ್ತು. ಕೂಸಿನ ಮೈಗೆ ಎಣ್ಣೆ, ಅರಿಷಿಣ ಸವರಿದ್ದರು. ಹೊಸ್ತಿಲ ಈಚೆಯೇ ನಿಂತು ನೋಡಿ, "ಮೂಗು ನಮ್ಮ ಮನಿದ ಐತಿ ನೋಡವಾ" ಎಂದೆ.

"ಮೂಗು ನಿಮ್ಮದಾದ್ರ ಮೂಗಿನ ತುದ್ಯಾಗಿನ ಸಿಟ್ಟೂ ನಿಮ್ಮದ ಬರತೈತಿ, ಬೀಗ್ರ" ಎಂದಳು ಬೀಗತಿ. ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ. ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಕೊನೆ.

ಕೂಸಿಗೆ ತಿಂಗಳು ತುಂಬುತ್ತ ಬಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ನಾವು ನಾಲ್ಕೈದು ಜನ ನೇಕಾರರು ಬಸ್ ಸ್ಟ್ಯಾಂಡಿನ ಎದುರಿನ ನೂಲಿನ ಅಂಗಡಿಯ ಕಟ್ಟೆಯ ಮೇಲೆ ಕೂಡುವುದು ವಾಡಿಕೆ. ಅಂಗಡಿಯ ಸಾಹೇಬರು ನನ್ನ ಸಣ್ಣಂದಿನ ಗೆಳೆಯರು. ಅವತ್ತೂ ಕೂತಿದ್ದೆವು. ಬೀಗತಿ ಬಸ್ ಇಳಿದು ನೆಟ್ಟಗೆ ನಮ್ಮ ಕಡೆ ಬಂದಳು. ಕಂಕುಳಲ್ಲಿ ಒಂದು ಗಂಟು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸ್ವಲ್ಪ ದೂರದಲ್ಲೇ ನಿಂತು, "ಬೀಗ್ರ, ಒಂದ್ ಮಾತ ಕೇಳಬೇಕಾಗಿತ್ರಿ" ಎಂದಳು.

"ಹೇಳ್ರಿ. ಎಲ್ಲಾ ನಮ್ಮ ಮಂದೀನ ಅದಾರ" ಎಂದೆ.

ಅವಳು ಗಂಟು ಬಿಚ್ಚಿದಳು. ನನ್ನ ದೋತರದ ತುಂಡುಗಳು. "ಬಣ್ಣದ್ದು ನಿಮಗ ತಿಳಿತೈತಿ ಅಂತ ತಂದೇನ್ರಿ. ಕೂಸು ಉಚ್ಚಿ ಹೊಯ್ದಲ್ಲೆಲ್ಲಾ ಹಳದಿ ಕುಂದರಾಕತ್ತೈತಿ. ಎಷ್ಟು ತಿಕ್ಕಿದ್ರೂ ಹೋಗವಲ್ದು. ಹೇಲು ನೋಡಿದ್ರ ಸುಣ್ಣದಂಗ ಬೆಳ್ಳಗ. ನಾ ಇಷ್ಟ ಕೂಸಿಗೆ ಎರದೇನಿ, ಇಂಥಾದ್ದು ಕಂಡಿಲ್ಲ. ಕಣ್ಣಾಗೂ ಹಳದಿ ಐತಿ ಅಂತ ನನಗ ಅನಸ್ತೈತ್ರಿ."

ನಾನು ಉಟ್ಟ ದೋತರ, ಉಚ್ಚೆಯ ಕಲೆಯ ಸಮೇತ, ಪೇಟೆಯಲ್ಲಿ ನಾಲ್ಕು ಜನರ ಮುಂದೆ ಹರಡಿತ್ತು. ಒಬ್ಬ ಮೂಗು ಮುಚ್ಚಿಕೊಂಡು, "ಕೂಸಿನ ಅಜ್ಜಾ, ಈಗ ಇದನ್ನ ಉಟಗೊಂಡು ಬಾ, ನೋಡೂಣು" ಎಂದ. ಎಲ್ಲರೂ ನಕ್ಕರು. ನನಗೆ ಸಿಟ್ಟು ತಲೆಗೆ ಏರಿತು. ಒಂದು ತುಂಡನ್ನು ಕೈಗೆತ್ತಿಕೊಂಡೆ.

"ಅರಿಷಿಣ ಸವರಿ ಸವರಿ ಕೂಸನ್ನ ಭಂಡಾರದಾಗ ಅದ್ದಿ ತಗದೀರಿ. ಅದರದ ಬಣ್ಣ ಇದು. ಅರಿವಿ ಒಗ್ಯಾಕ ಬರೂದಿಲ್ಲಂದ್ರ ಹೇಳ್ರಿ, ನಾನ ಬಂದು ಒಗದು ಕೊಡತೀನಿ. ಇನ್ನ ಬೆಳ್ಳಗ ಹೇಲೂದು. ಬಾಣಂತಿಗೆ ಏನ್ ಹಾಕತೀರಿ? ಬರೇ ತಿಳಿಸಾರ ಉಣಿಸಿದ್ರ ಹಾಲು ಹ್ಯಾಂಗ ಇದ್ದೀತು? ಒಳಗ ಏನ ಹೊಕ್ಕತೈತಿ, ಹೊರಗ ಅದ ಬರತೈತಿ" ಎಂದೆ.

ಮತ್ತೆ ನಗು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಇದ್ದದ್ರಾಗ ಚಲೋದನ್ನ ಉಣಸೇನ್ರಿ" ಎಂದು ಮೆಲ್ಲಗೆ ಹೇಳಿ ಅರಿವೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ನನ್ನ ಕೈಯಲ್ಲಿದ್ದ ಒಂದು ತುಂಡನ್ನು ಕೇಳಲಿಲ್ಲ. ಬಸ್ಸಿನ ಕಡೆ ಹೋದಳು.

ಸಾಹೇಬರು ತಕ್ಕಡಿ ಬಿಟ್ಟು ಹೊರಗೆ ಬಂದರು. "ಅಲ್ಲೋ ಅಣ್ಣಾ, ಬಿಸಲಾಗ ಬಂದಾಳ ಆ ಹೆಣಮಗಳು. ಬಸ್ ಇನ್ನಾ ನಿಂತೈತಿ. ಹೋಗು, ಕರಕೊಂಡು ಬಾ. ನಾ ಚಹಾ ಹೇಳ್ತೀನಿ."

"ಗಂಡಿನ ಕಡ್ಯಾವ್ರು ಬಸ್ಸಿನ ಹಿಂದ ಓಡಿದ್ದು ಎಲ್ಲೆರ ನೋಡೀರೇನ್ರಿ ಸಾಹೇಬ್ರ?"

"ಬೀಗ ಓಡೂದು ಬ್ಯಾಡ ಬಿಡು. ಕೂಸಿನ ಅಜ್ಜ ಓಡ್ಲಿ."

ನಾನು ಓಡಲಿಲ್ಲ. ಬಸ್ ಹೋಯಿತು.

ಮನೆಗೆ ಬಂದೆ. ಆ ತುಂಡು ಕೈಯಲ್ಲೇ ಇತ್ತು. ಬಚ್ಚಲಲ್ಲಿ ಅದನ್ನು ನೆನೆಸಿ ಸಬಕಾರ ಹಚ್ಚಿದೆ. ಅರಿಷಿಣದ ಕಲೆಗೆ ಸಬಕಾರ ತಾಗಿದರೆ ಅದು ತಟ್ಟನೆ ಕೆಂಪಾಗುತ್ತದೆ. ಇದು ಬಣ್ಣದವನಿಗಷ್ಟೇ ಗೊತ್ತಿರುವ ಗುಟ್ಟಲ್ಲ, ಅರಿವೆ ಒಗೆಯುವ ಯಾರಿಗಾದರೂ ಗೊತ್ತು. ಆ ಕಲೆ ಕೆಂಪಾಗಲಿಲ್ಲ. ಇನ್ನಷ್ಟು ಹಚ್ಚಿ ತಿಕ್ಕಿದೆ. ಹಳದಿಯಾಗಿಯೇ ಉಳಿಯಿತು. ಹಿಂಡಿ ಹಿತ್ತಲಿನ ಗೋಡೆಯ ಮೇಲೆ ಒಣಹಾಕಿದೆ. ಅರಿಷಿಣ ಬಿಸಿಲಿಗೆ ನಿಲ್ಲುವುದಿಲ್ಲ, ಸಂಜೆಯೊಳಗೆ ಮಾಸುತ್ತದೆ. ಸಂಜೆ ಹೋಗಿ ನೋಡಿದೆ. ಹೇಗಿತ್ತೋ ಹಾಗೇ ಇತ್ತು.

ಅದು ಅರಿಷಿಣವಲ್ಲ ಎಂದು ನನಗೆ ಅವತ್ತೇ ತಿಳಿಯಿತು. ಕೂಸಿನ ಒಳಗಿನಿಂದ ಬರುತ್ತಿರುವ ಬಣ್ಣ ಅದು. ಮಾರನೆಯ ದಿನ ಮುಂಜಾನೆಯ ಬಸ್ಸಿಗೆ ಪುರ್ತಗೇರಿಗೆ ಹೋಗಿ, "ನಿಮ್ಮ ಮಾತು ಖರೇ ಐತ್ರಿ, ನಡ್ರಿ ದವಾಖಾನಿಗೆ" ಎಂದಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಕಟ್ಟೆಯ ಮೇಲೆ ಅಷ್ಟು ಜನರ ಮುಂದೆ ಆಡಿದ ಮಾತನ್ನು ಹೇಗೆ ನುಂಗುವುದು ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ತುಂಡನ್ನು ಒಲೆಗೆ ಹಾಕಿದೆ. ಮಗ್ಗಕ್ಕೆ ಕೂತೆ.

ತಾಯಿ ಮಗಳು ಇಬ್ಬರೇ ಕೂಸನ್ನು ಕಟ್ಟಿಕೊಂಡು ರೋಣಕ್ಕೆ ಹೋದರು. ಅಲ್ಲಿಯ ಡಾಕ್ಟರು ಗದಗಕ್ಕೆ ಹೋಗಿ ಎಂದರು. ಗದಗದವರು ರಕ್ತ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಇದೆಲ್ಲ ನನಗೆ ತಿಳಿದದ್ದು ಸೊಸೆ ಹುಬ್ಬಳ್ಳಿಯಿಂದ ಫೋನು ಮಾಡಿದಾಗ. "ಮಾವಾರ, ಕೂಸಿನ ಲಿವರ್ ಕೆಟ್ಟೈತಂತ. ಹಿರ್ಯಾರನ್ನ ಕರಸ್ರಿ ಅಂತ ಡಾಕ್ಟರ್ ಬಾಯಾರು ಹೇಳ್ಯಾರ. ಗೋವಾಕ್ಕ ಫೋನ್ ಹಚ್ಚಿದ್ದೆ, ಅಪ್ಪ ಹ್ಯಾಂಗ ಹೇಳ್ತಾನ ಹಂಗ ಮಾಡ್ರಿ ಅಂದ್ರು." ನಾನು ರೋಣ, ನರಗುಂದ ಹಾದು ಹುಬ್ಬಳ್ಳಿ ಸೇರಿದೆ.

ಡಾಕ್ಟರ್ ಬಾಯಿ ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕೂರಿಸಿ, ಸಾವಕಾಶವಾಗಿ ಹೇಳಿದರು. ಹುಟ್ಟಿದ ಕೂಸುಗಳಿಗೆ ಮೊದಲ ವಾರದಲ್ಲಿ ಕಾಮಣಿ, ಅಂದರೆ ಕಾಮಾಲೆ, ಬಂದು ತಾನೇ ಹೋಗುವುದು ಸಹಜ. ಇದು ಹಾಗಲ್ಲ, ತಿಂಗಳು ಕಳೆದರೂ ಹೋಗಿಲ್ಲ, ಹೇಲು ಬೆಳ್ಳಗಿದೆ. ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದು ಅದರ ಅರ್ಥ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಲಿವರಿಗೇ ಬಾವು ಬಂದಿರುವುದು. ಅದಕ್ಕೆ ಔಷಧ ಕೊಟ್ಟು ಕಾಯಬೇಕು. ಇನ್ನೊಂದು, ಪಿತ್ತ ಹರಿಯುವ ನಾಳಗಳೇ ಮುಚ್ಚಿಹೋಗಿರುವುದು. ಅದಕ್ಕೆ ಆಪರೇಷನ್ ಮಾಡಿ ಹೊಸ ದಾರಿ ಮಾಡಿಕೊಡಬೇಕು, ಅದೂ ಬೇಗ, ಆದಷ್ಟು ಮಟ್ಟಿಗೆ ಎರಡು ತಿಂಗಳು ತುಂಬುವುದರೊಳಗೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸ್ಕ್ಯಾನ್ ಮಾಡಿದ್ದೇವೆ, ಅದರಲ್ಲಿ ಖಚಿತವಾಗಿಲ್ಲ. ಲಿವರಿನ ಒಂದು ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದೆಂದು ಬಹಳ ಮಟ್ಟಿಗೆ ತಿಳಿಯುತ್ತದೆ. ಅದಕ್ಕೆ ಬಯಾಪ್ಸಿ ಎನ್ನುತ್ತಾರೆ.

"ಕೂಸಿನ ಲಿವರ್ ಕೊಯ್ತೀರೇನ್ರಿ?" ಎಂದೆ.

"ಕೊಯ್ಯೂದಿಲ್ಲ ಅಜ್ಜಾರ. ಸೂಜಿಯಿಂದ ತಗೀತೀವಿ. ಒಂದು ನೂಲಿನ ಎಳಿಯಷ್ಟ ಬರ್ತದ, ಅಷ್ಟ."

"ನಾ ನೇಕಾರ ಅದೀನ್ರಿ ಬಾಯಾರ. ನೇಯ್ದ ಬಟ್ಟಿಯಿಂದ ಒಂದ ಎಳಿ ಜಗ್ಗಿದ್ರೂ ಬಟ್ಟಿ ಕೆಡತೈತಿ."

ಅವರು ನಕ್ಕರು, ಆದರೆ ಹಂಗಿಸುವ ನಗುವಲ್ಲ. "ಬಟ್ಟಿ ತಾನಾಗಿ ಮತ್ತ ಬೆಳಿಯೂದಿಲ್ಲ. ಲಿವರ್ ಬೆಳೀತದ. ರಕ್ತ ಸೋರುವ ಅಪಾಯ ಸ್ವಲ್ಪ ಇರ್ತದ, ಇಲ್ಲ ಅನ್ನೂದಿಲ್ಲ. ಅದಕ್ಕ ಮೊದಲ ರಕ್ತ ಹೆಪ್ಪುಗಟ್ಟೂದು ನೋಡಿ, ಇಂಜೆಕ್ಷನ್ ಕೊಟ್ಟು, ಆಮ್ಯಾಲೆ ಮಾಡ್ತೀವಿ. ತಡಾ ಮಾಡೂದು ಅದಕ್ಕಿಂತ ದೊಡ್ಡ ಅಪಾಯ."

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ರಕ್ತ ಸೋರುವ ಮಾತು ಒಂದೇ. ಉಳಿದದ್ದು ಬೀಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಿದ್ದಿತ್ತು. ಬೀಳದಿದ್ದರೆ ಈಗ ಇಷ್ಟೆಲ್ಲ ಹೇಗೆ ಬರೆಯುತ್ತಿದ್ದೆ?

ಹೊರಗೆ ವಾರ್ಡಿನಲ್ಲಿ ಬೀಗತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಿಟಕಿಯ ಬೆಳಕಿನಲ್ಲಿ ಮೊದಲ ಸಲ ನಾನು ಆ ಕೂಸನ್ನು ಸರಿಯಾಗಿ ನೋಡಿದೆ. ಕಣ್ಣಿನ ಬಿಳಿ ಭಾಗ ಕಡಲೆಹಿಟ್ಟಿನ ಹಾಗಿತ್ತು. ನನ್ನನ್ನು ನೋಡಿ ಕೂಸು ಬಾಯಿ ಅಗಲಿಸಿತು. ಬೀಗತಿ ತಲೆ ಎತ್ತಿ, "ಮಾಡಸೂಣ್ರಿ ಬೀಗ್ರ. ಬಾಯಾರು ತಿಳದಾವ್ರು ಅದಾರ" ಎಂದಳು.

ಸುತ್ತಲಿನ ಹಾಸಿಗೆಯವರೆಲ್ಲ ನಮ್ಮ ಕಡೆ ನೋಡುತ್ತಿದ್ದರು. ಅಲ್ಲಿಯವರೆಗೆ ಬಹುವಚನ ಬಿಡದವನು ಅಲ್ಲಿ ಬಿಟ್ಟೆ. "ನಿನ್ನ ಕೈಯಾನ ಅಡಿಗಿ ಉಂಡು ಕೂಸಿಗೆ ಈ ಗತಿ ಬಂತು. ಈಗ ಸೂಜಿ ಚುಚ್ಚಿಸಿ ಕೊಲ್ಲಸಾಕ ಹೊಂಟಿ ಏನು?"

ಸಬಕಾರಕ್ಕೆ ಕೆಂಪಾಗದ ಆ ಕಲೆ ಕಣ್ಣ ಮುಂದೆ ಇರುವಾಗಲೇ ಹಾಗೆ ಅಂದೆ. ಅವಳು ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ಪಕ್ಕದ ಹಾಸಿಗೆಯ ಮುದುಕಿ, "ಹಂಗಾರ ಇಕಿ ಏನ್ ಹಾಕಿದ್ಲೋ ಏನೋ" ಎಂದದ್ದು ಎಲ್ಲರಿಗೂ ಕೇಳಿಸಿತು.

ಬಯಾಪ್ಸಿ ಬೇಡವೆಂದು ಹೇಳಿ ಕೂಸನ್ನು ಬಿಡಿಸಿಕೊಂಡು ಹೊರಟೆ. ಡಾಕ್ಟರ್ ಬಾಯಿ ಮೆಟ್ಟಿಲ ತನಕ ಬಂದು, "ಅಜ್ಜಾರ, ವಿಚಾರ ಮಾಡಿ ಲಗೂ ಬರ್ರಿ. ವಾರ ಅಂದ್ರೂ ಭಾಳ ಆಗ್ತದ" ಎಂದರು. ನರಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಕಾಮಣಿಗೆ ಬೇರು ಕೊಡುವವನೊಬ್ಬನಿದ್ದ. ಬರುವಾಗ ಅಲ್ಲೇ ಇಳಿದೆವು. ಅವನು ಕೂಸಿನ ಉಗುರು ನೋಡಿ, ಬೇರು ತೇಯ್ದು ತಾಯಿಯ ಹಾಲಿನಲ್ಲಿ ಕಲಸಿ ನಾಲಗೆಗೆ ಹಚ್ಚಿದ. ಮೂರು ರವಿವಾರ ಬರಬೇಕು, ಮುಗಿಯುವ ತನಕ ಸೂಜಿ ಮುಟ್ಟಿಸಬಾರದು ಎಂದ. ಆ ಕಟ್ಟಳೆ ನನಗೆ ಬಹಳ ಹಿಡಿಸಿತು. ಅವನು ಒಳ್ಳೆಯ ಮನುಷ್ಯನೇ. ದೊಡ್ಡವರ ಕಾಮಣಿ ನೋಡಿದ್ದ, ಇಂಥದ್ದನ್ನು ನೋಡಿರಲಿಲ್ಲ. ನೋಡಿದವರನ್ನು ಬಿಟ್ಟು ಅವನ ಹತ್ತಿರ ಹೋದವನು ನಾನು.

ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಅಲ್ಲಿಯ ಅಡಿಗೆ ಬೇಡ ಎಂದು ನಮ್ಮ ಮನೆಗೇ ಕರೆತಂದೆ. ಬೀಗತಿಗೆ ಕೂಸಿನ ಮುಖ ನೋಡುವುದಕ್ಕೂ ದಾರಿ ಇಲ್ಲದಂತಾಯಿತು. ಅವಳು ಬಸ್ ಸ್ಟ್ಯಾಂಡಿಗೆ ಬಂದು ಕೂಡುತ್ತಿದ್ದಳಂತೆ. ಸೊಸೆ ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು ಹೋಗಿ ತೋರಿಸಿ ಬರುತ್ತಿದ್ದಳಂತೆ. ಇದನ್ನು ಸಾಹೇಬರು ನನಗೆ ಹೇಳಿದರು. "ಅಲ್ಲಿ ಕುಂತು ನಿನ್ನ ಬೀಗತಿ ಕೂಸಿನ ಕಾಲು ನೀವತಾಳ. ನನಗ ನೋಡಾಕ ಆಗವಲ್ದು ಅಣ್ಣಾ" ಎಂದರು. ನಾನು ನೂಲಿನ ಲಡಿ ತೆಗೆದುಕೊಂಡು ಮನೆಗೆ ಬಂದೆ.

ಮೊದಲ ರವಿವಾರ ಆದ ಮೇಲೆ ಕಣ್ಣು ತಿಳಿಯಾಗಿದೆ ಎಂದೆ. ಎರಡನೆಯದಾದ ಮೇಲೂ ಅಂದೆ. ಸೊಸೆ ಎದುರಾಡಲಿಲ್ಲ. ಕೂಸು ಮೈಯೆಲ್ಲ ಕೆರೆದುಕೊಳ್ಳಲು ನೋಡುತ್ತಿತ್ತು, ಅಷ್ಟು ಸಣ್ಣ ಕೈಗೆ ಅದು ಆಗದೆ ಅಳುತ್ತಿತ್ತು. ಮೂರನೆಯ ರವಿವಾರದ ಹೊತ್ತಿಗೆ ಹೊಟ್ಟೆ ಉಬ್ಬಿತು. ಸೋಮವಾರ ಮುಂಜಾನೆ ಸೊಸೆ ಕೂಸನ್ನು ಎತ್ತಿಕೊಂಡು ಮಗ್ಗದ ಎದುರು ಬಂದು ನಿಂತಳು. "ಮಾವಾರ, ನಾ ಹುಬ್ಬಳ್ಳಿಗೆ ಹೊಂಟೆ. ಬರೂದಿದ್ರ ಬರ್ರಿ" ಎಂದಳು. ಲಾಳಿ ಕೈಯಲ್ಲೇ ಉಳಿಯಿತು. ಎದ್ದು ಹಿಂದೆ ಹೋದೆ.

ಈ ಸಲ ಯಾರೂ ನನ್ನನ್ನು ಕೇಳಲಿಲ್ಲ. ಸಹಿ ಸೊಸೆಯೇ ಮಾಡಿದಳು. ಬೀಗತಿಯೂ ಬಂದಿದ್ದಳು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕೂಸಿಗೆ ಕೆಲವು ತಾಸು ಹಾಲು ಕೊಡಬಾರದೆಂದರು. ಅದು ಅತ್ತು ಅತ್ತು ದನಿ ಹೋಗಿತ್ತು. ಒಳಗೆ ಕರೆದೊಯ್ದು, ನಿದ್ದೆಗೆ ಔಷಧ ಕೊಟ್ಟು, ಬಲಗಡೆ ಪಕ್ಕೆಲುಬಿನ ಹತ್ತಿರ ಮರಗಟ್ಟಿಸಿ ಮಾಡಿದರಂತೆ. ನಾವು ಹೊರಗೆ ಕೂತು ಒಂದು ಚಹಾ ಕುಡಿದು ಮುಗಿಸುವಷ್ಟೂ ಹೊತ್ತು ಆಗಲಿಲ್ಲ, ಕೂಸನ್ನು ಹೊರಗೆ ತಂದರು. ಪಕ್ಕೆಯ ಮೇಲೆ ಒಂದು ಸಣ್ಣ ಪಟ್ಟಿ. ಬಲಮಗ್ಗುಲಿಗೆ ಮಲಗಿಸಿ, ನಾಡಿ ನೋಡುತ್ತ ಸಂಜೆಯ ತನಕ ಕಾದರು. ಒಂದು ಹನಿ ರಕ್ತ ಸೋರಲಿಲ್ಲ.

ಅವರು ತೆಗೆದದ್ದನ್ನು ನಾನು ನೋಡಿದೆ. ನರ್ಸಮ್ಮ ಸಣ್ಣ ಬಾಟಲಿಯನ್ನು ಒಯ್ಯುತ್ತಿದ್ದಳು. ನಿಲ್ಲಿಸಿ ಕೇಳಿದೆ. ಬೆಳಕಿಗೆ ಹಿಡಿದು ತೋರಿಸಿದಳು. ನೀರಿನಂಥ ಔಷಧದಲ್ಲಿ ಒಂದು ಎಳೆ ತೇಲುತ್ತಿತ್ತು. ಉಗುರಿನಷ್ಟು ಉದ್ದವೂ ಇಲ್ಲ. ಕಂದು ಬಣ್ಣ, ಅದರೊಳಗೆ ಹಸಿರು. ಮಗ್ಗದ ಕೆಳಗೆ ದಿನಾ ಕಸ ಗುಡಿಸುವಾಗ ಅಂಥ ಎಷ್ಟು ಎಳೆಗಳನ್ನು ಹೊರಗೆ ಚೆಲ್ಲಿಲ್ಲ ನಾನು. ಇಷ್ಟಕ್ಕಾಗಿ ಬೇಡ ಎಂದಿದ್ದೆ.

ಕೆಲವು ದಿನಗಳ ಮೇಲೆ ರಿಪೋರ್ಟು ಬಂತು. ನಾಳಗಳು ಮುಚ್ಚಿದ್ದವು. ಪಿತ್ತ ನಿಂತು ನಿಂತು ಲಿವರ್ ಗಟ್ಟಿಯಾಗತೊಡಗಿತ್ತು. ತಡವಾಗಿದ್ದರೂ ಆಪರೇಷನ್ ಮಾಡಿ ನೋಡೋಣ ಎಂದು ಬೆಂಗಳೂರಿಗೆ ಕಳಿಸಿದರು. ಮಗ ಗೋವಾದಿಂದ ಅಲ್ಲಿಗೇ ಬಂದ. ಆಪರೇಷನ್ ಆಯಿತು. ಪಿತ್ತ ಇಳಿಯಲಿಲ್ಲ, ಹೇಲಿಗೆ ಬಣ್ಣ ಬರಲಿಲ್ಲ. ಸೊಸೆ ಪ್ರತಿ ಅರಿವೆಯನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೂಸಿಗೆ ಎರಡು ಹಲ್ಲು ಬಂದಿದ್ದವು. ಅಜ್ಜಾ ಎನ್ನುವುದಕ್ಕೆ ಮುಂಚೆ ಹೋಯಿತು.

ಡಾಕ್ಟರ್ ಬಾಯಿ ಒಂದು ಮಾತು ಹೇಳಿದ್ದರು. ಮೊದಲೇ ಬಂದಿದ್ದರೂ ಉಳಿಯುತ್ತಿತ್ತೆಂದು ಖಾತ್ರಿಯಾಗಿ ಹೇಳಲಾಗದು, ಉಳಿಯುವ ಸಾಧ್ಯತೆ ಮಾತ್ರ ಹೆಚ್ಚಿರುತ್ತಿತ್ತು ಎಂದು. ಸೊಸೆಗೆ ಸಮಾಧಾನವಾಗಲೆಂದು ಹೇಳಿದ ಮಾತು ಅದು. ಅದನ್ನು ನಾನು ನನ್ನದಾಗಿ ಮಾಡಿಕೊಂಡೆ. ಎಷ್ಟೋ ದಿನ ಆ ಮಾತಿನ ಮೊದಲರ್ಧವನ್ನಷ್ಟೇ ಹೊದ್ದು ಮಲಗಿದೆ. ಉಳಿದರ್ಧ ಹೊರಗೇ ಇತ್ತು.

ಮಣ್ಣಿಗೆ ಬಂದ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು, ತವರುಮನೆಯಲ್ಲಿ ಬಾಣಂತನ ಸರಿಯಾಗಲಿಲ್ಲವಂತೆ, ಆ ತಾಯಿ ಏನೋ ತಿನ್ನಿಸಿದಳಂತೆ ಎಂದು ಮಾತಾಡಿದರು. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಅಲ್ಲ ಎನ್ನಲು ಬಾಯಿ ತೆರೆಯಲಿಲ್ಲ. ಮಾತು ಪುರ್ತಗೇರಿಗೂ ಮುಟ್ಟಿತು. ಆಮೇಲೆ ಆ ಊರಲ್ಲಿ ಕೂಸು ಹುಟ್ಟಿದರೆ ಎರೆಯುವುದಕ್ಕೆ ಬೀಗತಿಯನ್ನು ಕರೆಯುವುದು ಬಿಟ್ಟರು. ಜಗಳವಿಲ್ಲ, ಬೈಗಳವಿಲ್ಲ. ಬೇರೆಯವರನ್ನು ಕರೆದರು, ಅಷ್ಟೇ. ಓಣಿಯಲ್ಲಿ ಕೂಸು ಅಳುವುದು ಕೇಳಿದರೆ ಅವಳು ಎದ್ದು ಹೊಲಕ್ಕೆ ಹೋಗುತ್ತಾಳೆಂದು ಒಮ್ಮೆ ಸೊಸೆ ನೆರೆಮನೆಯವಳಿಗೆ ಹೇಳುತ್ತಿದ್ದಳು.

ಈಗ ಮನೆ ತುಂಬಿದೆ. ಮಗ ಇಲ್ಲೇ ಕೆಲಸ ಹಿಡಿದಿದ್ದಾನೆ. ಎರಡನೆಯ ಕೂಸು ಗಂಡು. ಹುಟ್ಟಿದ ಕೂಡಲೇ ಸೊಸೆ ಅದರ ಹೇಲಿನ ಬಣ್ಣ ನೋಡಿದಳು, ಆಮೇಲೆ ಮುಖ ನೋಡಿದಳು. ನನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬರುತ್ತದೆ, ಗುಳಿಗೆ ಬರುತ್ತದೆ, "ಮಾವಾರ, ನೀರು ಕಾದಾವ್ರಿ" ಎಂಬ ಮಾತೂ ಬರುತ್ತದೆ. ಕೂಸು ಮಾತ್ರ ನನ್ನ ತೊಡೆಯ ಮೇಲೆ ಬರಲಿಲ್ಲ. ಯಾರೂ ಬೇಡವೆಂದಿಲ್ಲ. ಅಡಿಗೆಗೆ ಹೋಗುವಾಗ ಸೊಸೆ ಕೂಸನ್ನು ನೆರೆಮನೆಯವಳ ಕೈಗೆ ಕೊಡುತ್ತಾಳೆ, ನಾನು ಪಕ್ಕದಲ್ಲೇ ಕೂತಿರುತ್ತೇನೆ. ದೋತರವನ್ನೂ ಕೇಳಲಿಲ್ಲ. ಪೇಟೆಯಿಂದ ಅರಿವೆ ತಂದರು. ನಾನು ಮಡಚಿ ಇಟ್ಟದ್ದು ಟ್ರಂಕಿನಲ್ಲೇ ಇದೆ. ಸಾಹೇಬರೂ ಹೋದ ವರ್ಷ ತೀರಿಕೊಂಡರು. ಕಟ್ಟೆಯ ಮೇಲೆ ಈಗ ಮೊಬೈಲ್ ಅಂಗಡಿಯ ಹುಡುಗರು ಕೂಡುತ್ತಾರೆ. ಮಧ್ಯಾಹ್ನ ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಸ್ಸುಗಳನ್ನು ನೋಡಿ ಬರುತ್ತೇನೆ.

ತಪ್ಪಾಯಿತು ಎಂದು ನಾನು ಯಾರಿಗೂ ಹೇಳಿಲ್ಲವೆಂದಲ್ಲ. ಮಗನಿಗೆ ಹೇಳಿದೆ. "ಆಗಿದ್ದಾತು ಬಿಡಪಾ" ಎಂದು ಎದ್ದುಹೋದ. ಎರಡನೆಯ ಕೂಸನ್ನು ತೋರಿಸಲು ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಬಾಯಿಗೆ ಕೈ ಮುಗಿದು ಹೇಳಿದೆ. ಅವರಿಗೆ ನನ್ನ ನೆನಪಿರಲಿಲ್ಲ. ನನ್ನಂಥ ಅಜ್ಜಂದಿರನ್ನು ಎಷ್ಟು ಜನರನ್ನು ನೋಡಿರುತ್ತಾರೋ. ಸೊಸೆಗೆ ಸಬಕಾರದ ಸಂಗತಿಯನ್ನೂ ಬಿಡದೆ ಹೇಳಿದೆ. ಅವಳು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಕೈ ನಿಂತಿತು. "ನನಗ ಹೇಳಿದ್ರಿ. ನಮ್ಮವ್ವಗ ಹೇಳೀರೇನು?" ಎಂದಳು. ನಾನು ತಲೆ ತಗ್ಗಿಸಿದೆ. ಅವಳು ಮತ್ತೆ ಹರಳು ಆರಿಸತೊಡಗಿದಳು. ಆಮೇಲೆ ಎಂದೂ ಕೇಳಲಿಲ್ಲ.

ಹೇಳುವುದಕ್ಕೆ ಅವಕಾಶ ಸಿಗಲಿಲ್ಲವೆಂದೂ ಅಲ್ಲ. ಹೋದ ಸುಗ್ಗಿಯಲ್ಲಿ ರೋಣದ ಸಂತೆಯಿಂದ ಬರುವ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಬಸ್ಸಿನಲ್ಲಿ ಜನ ಕಡಿಮೆ. ಅವಳ ಪಕ್ಕದ ಸೀಟು ಖಾಲಿ ಇತ್ತು. ದಾರಿಯುದ್ದಕ್ಕೂ ಎದ್ದು ಹೋಗಬೇಕೆಂದು ಮುಂದಿನ ಸರಳನ್ನು ಹಿಡಿದುಕೊಂಡೇ ಕೂತೆ. ಅವಳ ಊರು ಬಂತು. ಚೀಲ ಎತ್ತಿಕೊಂಡು ಇಳಿಯಲು ತಿರುಗಿದಾಗ ನನ್ನನ್ನು ಕಂಡಳು. ಮುಖ ತಿರುಗಿಸಿ ಹೋಗಬಹುದಿತ್ತು, ಹೋಗಲಿಲ್ಲ.

"ಆರಾಮ ಅದೀರೇನ್ರಿ, ಬೀಗ್ರ?"

"ಹ್ಞೂಂ, ಆರಾಮ" ಎಂದೆ.

ಅವಳು ಇಳಿದಳು. ಕಂಡಕ್ಟರ್ ಸೀಟಿ ಊದಿದ.

ಬಾಯಿಂದ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಬರೆದರೆ ಹೇಳಿದಂತಾಗುವುದಿಲ್ಲ ಎಂದು ಗೊತ್ತು. ಅವಳಿಗೆ ಓದು ಬರುವುದಿಲ್ಲ. ಮಗನಿಗೆ, ಸೊಸೆಗೆ, ಡಾಕ್ಟರಿಗೆ ಹೇಳಿದವನು ಎಲ್ಲರಿಗಿಂತ ಮೊದಲು ಯಾರ ಮುಂದೆ ಹೇಳಬೇಕಿತ್ತೋ ಅವರ ಮುಂದೆ ಇಂದಿಗೂ ಹೇಳಿಲ್ಲ. ಅವರು ಪುರ್ತಗೇರಿಯ ಕೂಲಿ ಹೆಣ್ಣುಮಗಳು, ನನ್ನ ಸೊಸೆಯನ್ನು ಹಡೆದವರು, ಆ ಕೂಸಿನ ಅಜ್ಜಿ.